ತಂಪು ತಂದ ಡಕ್ಟ್‌ನಲ್ಲೇ ಹೊಗೆಯೂ ಬಂತು

ಹಳ್ಳಿಮನೆಯ ಅಡುಗೆಕೋಣೆಯಲ್ಲಿ ಹೊಗೆ ಹೋಗಲು ಸೂರಿನಲ್ಲೊಂದು ಕಿಂಡಿ ಇದ್ದರೆ ಸಾಕು. ಕಣ್ಣು ಉರಿದರೆ ಬಾಗಿಲು ತೆರೆದರಾಯಿತು. ನಗರದ ಗಾಜಿನ ಕಟ್ಟಡಗಳಲ್ಲಿ ಕಿಟಕಿ ತೆರೆಯುವ ಮಾತೇ ಇಲ್ಲ. ಅಲ್ಲಿ ಸಾವಿರಾರು ಜನ ಉಸಿರಾಡುವ ಗಾಳಿ ಎಲ್ಲಿಂದ ಬರಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿಯಂತ್ರಣ ವ್ಯವಸ್ಥೆಯೊಂದು ತೀರ್ಮಾನಿಸುತ್ತದೆ. ಆ ವ್ಯವಸ್ಥೆ ಮೊದಲು ಕಲಿತದ್ದು ಸುಖ ಕೊಡುವುದನ್ನು. ಜೀವ ಕಾಯುವುದನ್ನು ಕಲಿಯಲು ಹೆಣಗಳು ಬೀಳಬೇಕಾಯಿತು.

ಇದರ ಆರಂಭ ಒಬ್ಬ ಮೇಷ್ಟ್ರಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ವಾರೆನ್ ಜಾನ್ಸನ್ ಪಾಠ ಮಾಡುತ್ತಿದ್ದರು. ಚಳಿಗಾಲದಲ್ಲಿ ಜವಾನ ಪ್ರತಿ ತರಗತಿಗೂ ಬಂದು ಉಷ್ಣಾಂಶ ನೋಡಿ, ನೆಲಮಾಳಿಗೆಗೆ ಇಳಿದು ಬಿಸಿಗಾಳಿಯನ್ನು ಹೆಚ್ಚುಕಡಿಮೆ ಮಾಡಬೇಕಿತ್ತು. ಜಾನ್ಸನ್ ಅದಕ್ಕೊಂದು ಉಪಾಯ ಹುಡುಕಿದರು. ಕೋಣೆಯ ಉಷ್ಣಾಂಶ ಬದಲಾದರೆ ಕೆಳಗೆ ಗಂಟೆ ಬಾರಿಸುವ ವಿದ್ಯುತ್ ಥರ್ಮೋಸ್ಟಾಟ್‌ಗೆ 1883ರಲ್ಲಿ ಪೇಟೆಂಟ್ ಪಡೆದರು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದಕ್ಕೆ ಎಸಿ ವ್ಯವಸ್ಥೆ ರೂಪಿಸಿದರು. ಅದೂ ಮನುಷ್ಯರಿಗಾಗಿ ಅಲ್ಲ. ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕಾಗಿ.

ಹೀಗೆ ಬೆಳೆದ ನಿಯಂತ್ರಣಕ್ಕೆ ಗೊತ್ತಿದ್ದದ್ದು ಎರಡೇ ಪ್ರಶ್ನೆ: ಗಾಳಿ ಎಷ್ಟು ಬಿಸಿ, ಎಷ್ಟು ತೇವ? ಗಾಳಿಯಲ್ಲಿ ಬೇರೇನಿದೆ ಎಂದು ಅದು ಕೇಳುತ್ತಿರಲಿಲ್ಲ.

1980ರ ನವೆಂಬರ್ 21ರ ಬೆಳಿಗ್ಗೆ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲ್‌ನ ಕೆಳಗಿನ ಉಪಾಹಾರ ಗೃಹದಲ್ಲಿ ವೈರಿಂಗ್ ದೋಷದಿಂದ ಬೆಂಕಿ ಹೊತ್ತಿತು. ಅಲ್ಲಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಬೆಂಕಿ ಪಕ್ಕದ ಕ್ಯಾಸಿನೊವನ್ನು ನುಂಗಿತಾದರೂ ಮೇಲಿನ ಕೋಣೆಗಳವರೆಗೆ ಏರಲಿಲ್ಲ. ಏರಿದ್ದು ಹೊಗೆ. ಲಿಫ್ಟ್ ಬಾವಿ, ಮೆಟ್ಟಿಲು, ಗೋಡೆಯ ಸಂದುಗಳ ಜೊತೆಗೆ ಎಸಿ ಡಕ್ಟ್‌ಗಳೂ ಅದಕ್ಕೆ ದಾರಿಯಾದವು. ಸತ್ತ 85 ಜನರಲ್ಲಿ ಹೆಚ್ಚಿನವರು ಬೆಂಕಿಯಿಂದ ಬಹಳ ದೂರ, ಮೇಲಿನ ಮಹಡಿಗಳಲ್ಲಿದ್ದರು. 26 ಮಹಡಿಯ ಕಟ್ಟಡದಲ್ಲಿ ಅವರು ಜ್ವಾಲೆಯನ್ನೇ ನೋಡಿರಲಿಲ್ಲ.

ಡಕ್ಟ್‌ನೊಳಗೆ ಗಾಳಿಯನ್ನು ತಡೆಯುವ ಬಾಗಿಲು, ಅಂದರೆ ಡ್ಯಾಂಪರ್, ಹಳೆಯ ಕಟ್ಟಡಗಳಲ್ಲೂ ಇರುತ್ತಿತ್ತು. ಅದನ್ನು ತೆರೆದು ಹಿಡಿಯುವ ಲೋಹದ ಕೊಂಡಿ 70 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಮೇಲೆ ಕರಗಿದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಆದರೆ ಹೊಗೆ ದೂರ ಹೋದಷ್ಟೂ ತಣ್ಣಗಾಗುತ್ತದೆ. ತಣ್ಣನೆಯ ಹೊಗೆ ಕೊಂಡಿಯನ್ನು ಕರಗಿಸುವುದಿಲ್ಲ, ಮನುಷ್ಯನನ್ನು ಮಾತ್ರ ಕೊಲ್ಲುತ್ತದೆ.

ಆದ್ದರಿಂದ ಇಂದಿನ ವ್ಯವಸ್ಥೆಗೆ ಮೂರು ಕೆಲಸ. ಡಕ್ಟ್‌ನಲ್ಲಿ ಹೊಗೆ ಕಂಡ ಕೂಡಲೇ ಗಾಳಿ ಹಂಚುವ ಫ್ಯಾನ್ ನಿಲ್ಲಿಸಬೇಕು. ಮೋಟಾರಿನಿಂದ ಡ್ಯಾಂಪರ್ ಮುಚ್ಚಬೇಕು. ಅದೇ ಹೊತ್ತಿಗೆ ಹೊಗೆಯನ್ನು ಹೊರಗೆಳೆಯುವ ಫ್ಯಾನ್ ಮತ್ತು ಮೆಟ್ಟಿಲಿನೊಳಗೆ ಶುದ್ಧ ಗಾಳಿ ತುಂಬುವ ಫ್ಯಾನ್ ಚಾಲೂ ಮಾಡಬೇಕು. ಮೆಟ್ಟಿಲಿನಲ್ಲಿ ಗಾಳಿಯ ಒತ್ತಡ ಹೆಚ್ಚಿದ್ದರೆ ಹೊಗೆ ಒಳನುಗ್ಗದು, ಜನ ಇಳಿದು ಬರಬಹುದು.

ನಮ್ಮಲ್ಲೂ ಪಾಠ ಕಲಿಸಿದ್ದು ಸಾವೇ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 'ಬಾರ್ಡರ್' ಸಿನಿಮಾ ನಡೆಯುತ್ತಿತ್ತು. ಕೆಳಗಿನ ಟ್ರಾನ್ಸ್‌ಫಾರ್ಮರ್‌ಗೆ ಹತ್ತಿದ ಬೆಂಕಿಯ ಹೊಗೆ ಮೆಟ್ಟಿಲು ಮತ್ತು ಎಸಿ ಡಕ್ಟ್ ಹಿಡಿದು ಬಾಲ್ಕನಿಗೆ ಏರಿತು. 59 ಜನ ಸತ್ತರು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅಲ್ಲಿ ಹೊಗೆಗೆ ದಾರಿಯಾದದ್ದು ವಿದ್ಯುತ್ ಕೇಬಲ್‌ಗಳ ಡಕ್ಟ್. ಉಸಿರಿಗಾಗಿ ಜನ ಗಾಜು ಒಡೆದರು, ಕೆಲವರು ಕೆಳಗೆ ಜಿಗಿದರು.

ನಿಯಮ ಇಲ್ಲವೆಂದಲ್ಲ. 1970ರಲ್ಲಿ ಮೊದಲು ಬಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಹೊಗೆ ನಿಯಂತ್ರಣದ ವಿವರಗಳಿವೆ. ಆದರೆ ಸಂಹಿತೆ ಫ್ಯಾನ್ ನಿಲ್ಲಿಸುವುದಿಲ್ಲ. ಧೂಳು ಹಿಡಿದ ಸೆನ್ಸರ್, ತುಕ್ಕು ಹಿಡಿದ ಡ್ಯಾಂಪರ್, "ಸುಮ್ಮನೆ ಬಡಿದುಕೊಳ್ಳುತ್ತೆ" ಎಂದು ಆಫ್ ಮಾಡಿಟ್ಟ ಅಲಾರಂ, ಇವು ನಕ್ಷೆಯಲ್ಲಿ ಕಾಣುವುದಿಲ್ಲ.

ನಮ್ಮೂರುಗಳ ಹುಡುಗ ಹುಡುಗಿಯರು ಇಂಥ ಕಟ್ಟಡಗಳಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ: ಅಲಾರಂ ಹೊಡೆದರೆ ಎಸಿ ತಾನಾಗಿ ನಿಲ್ಲುತ್ತದೆಯೇ? ಮೆಟ್ಟಿಲಿನ ಬಾಗಿಲಿಗೆ ಬೀಗ ಇದೆಯೇ? ಇವನ್ನೆಲ್ಲ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಉತ್ತರ ಯಾರಿಗೂ ಗೊತ್ತಿಲ್ಲವೆಂದರೆ ಆ ಕಟ್ಟಡ ಇನ್ನೂ 1980ರ ನವೆಂಬರ್‌ನಲ್ಲೇ ಇದೆ.