ಲೋಕದ ಧಾಟಿ, ದೇವರ ಮಾತು

ಜನಪ್ರಿಯ ಪಾಪ್ ಅಥವಾ ರಾಕ್ ಹಾಡೊಂದರ ಧಾಟಿಯನ್ನು ಹಾಗೆಯೇ ಉಳಿಸಿಕೊಂಡು, ಸಾಹಿತ್ಯವನ್ನು ಮಾತ್ರ ಬೈಬಲಿನ ಕಥೆಗೋ ಕ್ರೈಸ್ತ ಬೋಧನೆಗೋ ತಿರುಗಿಸಿ ಹಾಡುವುದು ಕ್ರೈಸ್ತ ಪ್ಯಾರಡಿ. ಅಮೆರಿಕದಲ್ಲಿ ಇದು ತನ್ನದೇ ಶ್ರೋತೃವರ್ಗವಿರುವ ಪ್ರಕಾರವಾಗಿ ಬೆಳೆದದ್ದು 1990ರ ದಶಕದಲ್ಲಿ. ಅದರ ಬೇರು ಮಾತ್ರ ಯುರೋಪಿನ ಧರ್ಮಸುಧಾರಣೆಯ ಕಾಲದವರೆಗೆ ಇಳಿದಿದೆ.

ಮಾರ್ಟಿನ್ ಲೂಥರ್ ಹೆಂಡದಂಗಡಿಯ ಹಾಡುಗಳನ್ನೆಲ್ಲ ಚರ್ಚಿಗೆ ತಂದನೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಬಹುಮಟ್ಟಿಗೆ ಉತ್ಪ್ರೇಕ್ಷೆ. ಅವನ ಹೆಚ್ಚಿನ ಧಾಟಿಗಳು ಹಳೆಯ ಲ್ಯಾಟಿನ್ ಕೀರ್ತನೆಗಳಿಂದ ಬಂದವು, ಇಲ್ಲವೇ ಹೊಸದಾಗಿ ಕಟ್ಟಿದವು. ಲೌಕಿಕ ಹಾಡನ್ನು ಅವನು ನೇರವಾಗಿ ಎತ್ತಿಕೊಂಡ ಸ್ಪಷ್ಟ ಉದಾಹರಣೆ 1535ರ ಕ್ರಿಸ್ಮಸ್ ಗೀತೆ 'ಫೋಮ್ ಹಿಮೆಲ್ ಹೋಖ್'. ಪರದೇಶದಿಂದ ಸುದ್ದಿ ಹೊತ್ತು ಬಂದವನೊಬ್ಬ ಒಗಟು ಒಡ್ಡುವ ಜನಪದ ಹಾಡು ಅದರ ಮೂಲ. ಲೂಥರ್ ಆ ಸುದ್ದಿಗಾರನ ಜಾಗದಲ್ಲಿ ದೇವದೂತನನ್ನು ನಿಲ್ಲಿಸಿದ. 1539ರಲ್ಲಿ ಅದೇ ಗೀತೆ ಬೇರೊಂದು ಧಾಟಿಯೊಂದಿಗೆ ಅಚ್ಚಾಯಿತು. ಇಂದು ಚರ್ಚುಗಳಲ್ಲಿ ಕೇಳುವುದು ಆ ಎರಡನೆಯದನ್ನೇ.

ಈ ಕಲೆ ಇನ್ನೂ ಧೈರ್ಯದಿಂದ ನಡೆದದ್ದು ಸ್ಕಾಟ್ಲೆಂಡಿನಲ್ಲಿ. ಡಂಡಿಯ ವೆಡರ್‌ಬರ್ನ್ ಸಹೋದರರ ಹೆಸರಿನಲ್ಲಿ ಪ್ರಸಿದ್ಧವಾದ 'ಗುಡ್ ಅಂಡ್ ಗಾಡ್ಲಿ ಬ್ಯಾಲಟಿಸ್' ಎಂಬ ಸಂಗ್ರಹ 1560ರ ದಶಕದಲ್ಲಿ ಅಚ್ಚಾಗಿ ಮನೆಮನೆ ತಲುಪಿತು. ಅದರಲ್ಲಿ ಬೀದಿಯ ಪ್ರೇಮಗೀತೆಗಳ ಧಾಟಿಯಷ್ಟೇ ಅಲ್ಲ, ಪಲ್ಲವಿಯೂ ಉಳಿದುಕೊಂಡಿದೆ. ಜಾನ್ ಎಂಬವನನ್ನು ಮುದ್ದಿಡಲು ಕರೆಯುವ ಹಾಡು ಒಂದಿತ್ತು. ಸಂಗ್ರಹದಲ್ಲಿ ಆ ಕರೆ ಅಕ್ಷರಶಃ ಹಾಗೆಯೇ ಇದೆ. ಆದರೆ ಕರೆಯುವವಳು ಪ್ರೇಯಸಿಯಲ್ಲ, ಸ್ವತಃ ದೇವರು. ಜಾನ್ ಎಂದರೆ ಪಶ್ಚಾತ್ತಾಪಪಡಬೇಕಾದ ಮನುಷ್ಯ. ಬೇಟೆಯ ಹಾಡೊಂದು ಇದೇ ರೀತಿ ಪೋಪನ ವಿರುದ್ಧದ ವಿಡಂಬನೆಯಾಗಿದೆ. ಮೂಲ ಗೊತ್ತಿದ್ದವನಿಗಷ್ಟೇ ಇದರ ಚುರುಕು ಹತ್ತುತ್ತದೆ. ನಾಲ್ಕು ಶತಮಾನಗಳ ನಂತರದ ಪ್ಯಾರಡಿ ತಂಡಗಳ ಕೆಲಸಕ್ಕೆ ಲೂಥರನಿಗಿಂತ ಈ ಸ್ಕಾಟಿಷ್ ಪುಸ್ತಕವೇ ಹೆಚ್ಚು ಹತ್ತಿರದ ಪೂರ್ವಜ.

ಎಲ್ಲ ಎರವಲೂ ಪ್ಯಾರಡಿಯಲ್ಲ ಎಂಬುದಕ್ಕೆ ಜರ್ಮನ್ ಸಂಗೀತಕಾರ ಹ್ಯಾನ್ಸ್ ಲಿಯೋ ಹ್ಯಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯೇ ಸಾಕ್ಷಿ. ಅದರ ಧಾಟಿ ಮೊದಲು ಮರಣದ ಕೀರ್ತನೆಗೆ, ಆಮೇಲೆ ಪೌಲ್ ಗೆರ್ಹಾರ್ಟ್‌ನ ಶಿಲುಬೆಯ ಗೀತೆಗೆ ಹೊಂದಿಕೊಂಡಿತು. ಬಾಖ್ ಅದನ್ನು 'ಸೇಂಟ್ ಮ್ಯಾಥ್ಯೂ ಪ್ಯಾಶನ್'ನಲ್ಲಿ ಮತ್ತೆಮತ್ತೆ ತಂದ. ಅಷ್ಟರಲ್ಲಿ ಮೂಲದ ಪ್ರೇಮಗೀತೆ ಜನರ ನೆನಪಿನಿಂದ ಅಳಿಸಿಹೋಗಿತ್ತು. 1973ರಲ್ಲಿ ಪೌಲ್ ಸೈಮನ್ ಅದೇ ಧಾಟಿಯ ಮೇಲೆ 'ಅಮೆರಿಕನ್ ಟ್ಯೂನ್' ಕಟ್ಟಿದಾಗ ಅದು ಮರಳಿ ಪಾಪ್ ಸಂಗೀತಕ್ಕೇ ಬಂದು ಸೇರಿತು. ಜರ್ಮನ್ ಕೀರ್ತನೆಗಳ ಈ ಭಂಡಾರ ಕರ್ನಾಟಕಕ್ಕೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕೀರ್ತನೆಗಳನ್ನು ಕನ್ನಡಕ್ಕೂ ತುಳುವಿಗೂ ತಂದಾಗ ಜರ್ಮನ್ ಧಾಟಿಗಳೂ ಜೊತೆಗೇ ಬಂದವು. ಕರಾವಳಿಯ ಸಭೆಗಳಲ್ಲಿ ಅವು ಇಂದಿಗೂ ಬಳಕೆಯಲ್ಲಿವೆ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಪದ್ಧತಿಯನ್ನು ಬೀದಿಗಿಳಿಸಿದ್ದು ವಿಲಿಯಂ ಬೂತ್ ಕಟ್ಟಿದ ಸಾಲ್ವೇಶನ್ ಆರ್ಮಿ. ಕುಡಿತದ ವಿರುದ್ಧ ಹೋರಾಡುತ್ತಿದ್ದ ಈ ಸಂಘ, ಕುಡಿತವನ್ನು ಕೊಂಡಾಡುವ ಮ್ಯೂಸಿಕ್ ಹಾಲ್ ಹಾಡುಗಳನ್ನೇ ಆರಿಸಿಕೊಂಡಿತು. ಶಾಂಪೇನ್ ಕುಡಿದು ಮೆರೆಯುವ ಶೋಕಿಲಾಲನ ಹಾಡು 'ಶಾಂಪೇನ್ ಚಾರ್ಲಿ' 1860ರ ದಶಕದಲ್ಲಿ ಲಂಡನ್ನಿನ ಬಾಯಲ್ಲೆಲ್ಲ ಇತ್ತು. ಸಂಘದ ಇತಿಹಾಸಗಳು ಹೇಳುವಂತೆ, 1882ರಲ್ಲಿ ವೋರ್ಸ್ಟರ್‌ನ ಸಭೆಯೊಂದರಲ್ಲಿ ಪಾಪವಿಮೋಚನೆಯ ಗೀತೆಯೊಂದನ್ನು ಕೇಳಿದ ಬೂತ್ ಆ ಧಾಟಿಗೆ ಮನಸೋತು, ಅದು ಯಾವುದೆಂದು ವಿಚಾರಿಸಿದ. 'ಶಾಂಪೇನ್ ಚಾರ್ಲಿ' ಎಂಬ ಉತ್ತರ ಬಂತು. ಲೌಕಿಕ ಧಾಟಿಗಳ ಬಗ್ಗೆ ಅವನಿಗಿದ್ದ ಅಳುಕು ಅಲ್ಲಿಗೆ ಹೋಯಿತು. ಒಳ್ಳೆಯ ಧಾಟಿಗಳನ್ನೆಲ್ಲ ಸೈತಾನನಿಗೇ ಏಕೆ ಬಿಡಬೇಕು ಎಂಬ ಪ್ರಶ್ನೆ ಬೂತ್‌ನ ಹೆಸರಿಗೂ ಬೇರೆ ಬೋಧಕರ ಹೆಸರಿಗೂ ಅಂಟಿಕೊಂಡಿದೆ. 1972ರಲ್ಲಿ ಕ್ರೈಸ್ತ ರಾಕ್‌ನ ಹಿರಿಯ ಲ್ಯಾರಿ ನಾರ್ಮನ್ ಅದನ್ನೇ ಹಾಡಾಗಿಸಿದ.

ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಧರ್ಮ ಮತ್ತು ಪಾಪ್ ಸಂಗೀತದ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿತ್ತು. 1954ರಲ್ಲಿ ರೇ ಚಾರ್ಲ್ಸ್ ಗಾಸ್ಪೆಲ್ ಹಾಡೊಂದರ ಮಾದರಿಯ ಮೇಲೆ 'ಐ ಗಾಟ್ ಎ ವುಮನ್' ಕಟ್ಟಿದಾಗ ಚರ್ಚಿನವರು ನೊಂದುಕೊಂಡರು. 1969ರ 'ಸ್ಪಿರಿಟ್ ಇನ್ ದ ಸ್ಕೈ' ಬರೆದ ನಾರ್ಮನ್ ಗ್ರೀನ್‌ಬಾಮ್ ಯಹೂದಿ. ಆ ಹಾಡಿನ ನಾಯಕ ಯೇಸುವಿನ ಗೆಳೆಯನೆಂದು ಹೇಳಿಕೊಳ್ಳುತ್ತಲೇ, ತಾನೆಂದೂ ಪಾಪ ಮಾಡಿಲ್ಲವೆನ್ನುತ್ತಾನೆ. ಎಲ್ಲರೂ ಪಾಪಿಗಳೆಂಬುದು ಕ್ರೈಸ್ತ ನಂಬಿಕೆಯ ತಳಹದಿಯಾದ್ದರಿಂದ, ಅದನ್ನು ಹಾಡಿದ ಕೆಲವು ಕ್ರೈಸ್ತ ಗಾಯಕರು ಆ ಸಾಲನ್ನು ತಿದ್ದಿಕೊಂಡರು. ಒಂದೇ ಸಾಲಿನ ಈ ತಿದ್ದುಪಡಿಯಲ್ಲಿ ಇಡೀ ಪ್ರಕಾರದ ಬೀಜವಿದೆ: ಪಾಪ್ ಹಾಡು ದೇವರ ಬಗ್ಗೆ ಆಡಿದ ಮಾತಿಗೆ ಅದೇ ಧಾಟಿಯಲ್ಲಿ ಉತ್ತರ ಕೊಡುವುದು. 1995ರಲ್ಲಿ ಜೋನ್ ಆಸ್ಬರ್ನ್ ಹಾಡಿದ 'ಒನ್ ಆಫ್ ಅಸ್', ದೇವರು ನಮ್ಮಂತೆಯೇ ಸಾಮಾನ್ಯನಾಗಿದ್ದರೆ ಎಂದು ಕೇಳಿದಾಗಲೂ ಇಂಥ ಉತ್ತರಕ್ಕೆ ಜಾಗವಿತ್ತು. ಆ ಪ್ರಶ್ನೆಗೆ ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲೇ ಉತ್ತರ ಸಿಕ್ಕಿದೆ ಎಂಬುದು ಕ್ರೈಸ್ತರ ನಿಲುವು.

ಅದಕ್ಕೂ ಹಿಂದಿನ ದಶಕದಲ್ಲಿ ರಾಕ್ ಸಂಗೀತವನ್ನೇ ಶಂಕಿಸುವ ಬೋಧಕರು ಕಡಿಮೆಯಿರಲಿಲ್ಲ. 'ಸ್ಟೇರ್‌ವೇ ಟು ಹೆವನ್' ಹಾಡನ್ನು ಹಿಂದುಮುಂದಾಗಿ ನುಡಿಸಿದರೆ ಸೈತಾನನ ಸ್ತುತಿ ಕೇಳುತ್ತದೆಂಬ ಆರೋಪ ಎಷ್ಟು ಹಬ್ಬಿತೆಂದರೆ, 1982ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯ ಸಮಿತಿಯೊಂದು ಅದನ್ನು ಹಾಗೆ ನುಡಿಸಿ ಕೇಳಿತು. ಇಂಥ ವಾತಾವರಣದಲ್ಲಿ ಬೆಳೆದ ಹುಡುಗರಿಗೆ ರೇಡಿಯೊದ ಹಾಡುಗಳು ಬಾಯಿಪಾಠವಾಗಿದ್ದವು, ಹಾಡಿಕೊಳ್ಳಲು ಮನಸ್ಸಾಕ್ಷಿ ಬಿಡುತ್ತಿರಲಿಲ್ಲ. ಪ್ಯಾರಡಿ ಈ ಇಕ್ಕಟ್ಟಿಗೆ ದಾರಿ ತೋರಿಸಿತು.

ಆ ದಾರಿಯನ್ನು ಹೆದ್ದಾರಿ ಮಾಡಿದ್ದು 1992ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಅಪಾಲಜೆಟಿಕ್ಸ್ ತಂಡ. ಗಾಯಕ ಜೆ. ಜಾಕ್ಸನ್ ಅದರ ಮುಖ್ಯ ಗೀತರಚನಕಾರ. ತಂಡದವರು ಮೂಲದ ವಾದ್ಯವಿನ್ಯಾಸ, ಗಾಯಕನ ಉಚ್ಚಾರದ ವರಸೆ, ಪ್ರಾಸ ಎಲ್ಲವನ್ನೂ ಹತ್ತಿರದಿಂದ ಅನುಸರಿಸುತ್ತಾರೆ. ಹೊಸ ಪದಗಳು ಹಳೆಯ ಪದಗಳ ನಾದವನ್ನೇ ಹೋಲಬೇಕೆಂಬುದು ಅವರ ಹಟ. ಎಮಿನೆಮ್‌ನ 2000ದ 'ದ ರಿಯಲ್ ಸ್ಲಿಮ್ ಶೇಡಿ' ಅವರಲ್ಲಿ 'ದ ರಿಯಲ್ ಸಿನ್ ಸೇವಿಯರ್' ಆಯಿತು; ಅನುಕರಣೆಗಾರರ ನಡುವೆ ನಿಜವಾದ ಆಸಾಮಿ ಯಾರೆಂಬ ಪ್ರಶ್ನೆ, ನಿಜವಾದ ರಕ್ಷಕ ಯಾರೆಂಬುದಕ್ಕೆ ತಿರುಗಿತು. ಗುಡ್ ಷಾರ್ಲಟ್ ತಂಡದ 2002ರ 'ಲೈಫ್‌ಸ್ಟೈಲ್ಸ್ ಆಫ್ ದ ರಿಚ್ ಅಂಡ್ ಫೇಮಸ್' ಸಿರಿವಂತ ತಾರೆಯರ ಗೊಣಗಾಟದ ಮೇಲಿನ ಸಿಟ್ಟು. ಅಪಾಲಜೆಟಿಕ್ಸ್ ಅದರ ಶೀರ್ಷಿಕೆಯ ಕೊನೆಯ ಪದವನ್ನು 'ನೇಮ್‌ಲೆಸ್' ಎಂದು ಬದಲಿಸಿ, ಲೂಕನ ಸುವಾರ್ತೆಯ ಐಶ್ವರ್ಯವಂತ ಮತ್ತು ಲಾಜರನ ಸಾಮ್ಯಕ್ಕೆ ಒಗ್ಗಿಸಿತು. ಆ ಸಾಮ್ಯದಲ್ಲಿ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನಿಗೆ ಹೆಸರಿದೆ, ಹಬ್ಬದೂಟ ಉಣ್ಣುವ ಶ್ರೀಮಂತನಿಗಿಲ್ಲ. ಖ್ಯಾತಿಯ ಹಾಡನ್ನು ಹೆಸರೇ ಇಲ್ಲದವನ ಕಥೆಯಿಂದ ಎದುರಿಸುವ ಈ ಯೋಚನೆ, ಇಡೀ ಪ್ರಕಾರದ ಅತ್ಯುತ್ತಮ ಕ್ಷಣಗಳಲ್ಲಿ ಒಂದು. ಇದೇ ತಂಡದ ಎಷ್ಟೋ ಹಾಡುಗಳಲ್ಲಿ ಮೂಲಕ್ಕೂ ಬೈಬಲಿನ ಪ್ರಸಂಗಕ್ಕೂ ನಾದಸಾಮ್ಯದ ಹೊರತು ಸಂಬಂಧವಿಲ್ಲ. ಅವು ಪದಚಾತುರ್ಯಕ್ಕೆ ಮೆಚ್ಚುಗೆ ಪಡೆದು ಅಲ್ಲಿಗೇ ನಿಲ್ಲುತ್ತವೆ.

ಕೆಲವರು ವಿಡಂಬನೆಯನ್ನು ತಮ್ಮ ಮನೆಯೊಳಕ್ಕೇ ತಿರುಗಿಸಿದರು. 1983ರಲ್ಲಿ ಕ್ರೈಸ್ತ ರಾಕ್ ಗಾಯಕ ಸ್ಟೀವ್ ಟೇಲರ್ ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವ ಚರ್ಚನ್ನು ಸ್ವಂತ ಧಾಟಿಯಲ್ಲೇ ಕುಟುಕಿದ. ಸ್ವರ್ಲಿಂಗ್ ಎಡ್ಡೀಸ್ ತಂಡ 1996ರ 'ಸೇಕ್ರೆಡ್ ಕೌಸ್' ಧ್ವನಿಮುದ್ರಿಕೆಯಲ್ಲಿ ಜನಪ್ರಿಯ ಕ್ರೈಸ್ತ ಪಾಪ್ ಹಾಡುಗಳನ್ನೇ ಅಣಕಿಸಿತು.

ಕಾನೂನಿನ ಪ್ರಶ್ನೆಯೂ ಇತ್ತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, 'ಓ, ಪ್ರೆಟಿ ವುಮನ್' ಹಾಡನ್ನು 2 ಲೈವ್ ಕ್ರೂ ಎಂಬ ರ‍್ಯಾಪ್ ತಂಡ ಅಣಕಿಸಿದ ಪ್ರಕರಣದಲ್ಲಿ, ವಾಣಿಜ್ಯ ಉದ್ದೇಶದ ಪ್ಯಾರಡಿಯೂ ನ್ಯಾಯೋಚಿತ ಬಳಕೆಯಾಗಬಲ್ಲದು ಎಂದು ಒಮ್ಮತದಿಂದ ಹೇಳಿತು. ಮೂಲಕೃತಿಯ ಮೇಲೆಯೇ ಟೀಕೆ ಮಾಡುವ ಪ್ಯಾರಡಿಗೆ ಎರವಲಿನ ಸಮರ್ಥನೆ ಹೆಚ್ಚು, ಬೇರೇನನ್ನೋ ಹೇಳಲು ಮೂಲವನ್ನು ಬಳಸುವ ವಿಡಂಬನೆಗೆ ಕಡಿಮೆ ಎಂಬ ಭೇದವನ್ನೂ ಅದು ಗುರುತಿಸಿತು. ಈ ಅಳತೆಗೋಲಿನಲ್ಲಿ, ಪಾಪ್ ಹಾಡಿನ ಮಾತಿಗೆ ಎದುರುತ್ತರ ಕೊಡುವ ಕ್ರೈಸ್ತ ಪ್ಯಾರಡಿಯ ನೆಲ ಗಟ್ಟಿ. ಧಾಟಿಯನ್ನು ಕೇವಲ ವಾಹನವಾಗಿಸಿಕೊಂಡ ಹಾಡಿನದು ಸಡಿಲ. ಕಲೆಯ ಅಳತೆಗೋಲಿನಲ್ಲೂ ತೀರ್ಪು ಇದೇ.

ಈ ಹಾಡುಗಳ ಜಾಗ ಸಂಗೀತ ಕಾರ್ಯಕ್ರಮ ಮತ್ತು ಯುವಜನರ ಶಿಬಿರ. ಭಾನುವಾರದ ಆರಾಧನೆಯಲ್ಲಿ ಅವು ನೆಲೆಯೂರಲಿಲ್ಲ. ಹ್ಯಾಸ್ಲರ್‌ನ ಧಾಟಿ ಕೀರ್ತನೆಯಾಗಲು ಮೂಲ ಮರೆತುಹೋಗಬೇಕಾಯಿತು. ಪ್ಯಾರಡಿ ಬದುಕಬೇಕಾದರೆ ಮೂಲ ನೆನಪಿನಲ್ಲಿರಲೇಬೇಕು.