ಅರಬ್ಬಿ ಓದು: ಉಚ್ಚಾರದಿಂದ ಅರ್ಥದ ಕಡೆಗೆ

ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಹೊರಟು ಕೃಷ್ಣೆ ದಾಟಿ ವಿಜಯಪುರಕ್ಕೆ ಹೋದವರು ಆದಿಲ್‌ಶಾಹಿ ಕಾಲದ ಇಬ್ರಾಹಿಂ ರೋಜಾ ನೋಡದೆ ಬರುವುದಿಲ್ಲ. ಅಲ್ಲಿ ಗೋಡೆ, ಬಾಗಿಲು, ಕಿಟಕಿಯ ಜಾಲರಿಯಲ್ಲೂ ಅರಬ್ಬಿ ಅಕ್ಷರ. ಆದರೆ ಅದನ್ನು ಓದಿ ತಿಳಿಯಬಲ್ಲವರು ನಮ್ಮಲ್ಲಿ ಕೆಲವರೇ.

ಈ ಓದು ಕನ್ನಡಿಗರಿಗೆ ಕಷ್ಟವಾಗಲು ಕಾರಣವಿದೆ. ನಮ್ಮ ಲಿಪಿಯಲ್ಲಿ ಸ್ವರ ಬಿಟ್ಟುಹೋಗುವ ಮಾತೇ ಇಲ್ಲ. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ವಾಕ್ಯದಲ್ಲಿ ಪದದ ಸ್ಥಾನ ತಿಳಿದರೆ ಮಾತ್ರ ಅದರ ಕೊನೆಯ ಉಚ್ಚಾರ ಸರಿಯಾಗುತ್ತದೆ. ಅಂದರೆ ಗಟ್ಟಿಯಾಗಿ ಓದಬೇಕಾದರೂ ಮೊದಲು ಅರ್ಥವಾಗಿರಬೇಕು. ಕುರ್‌ಆನನ್ನು ಯಾರೂ ತಪ್ಪಾಗಿ ಓದಬಾರದೆಂದು ಸ್ವರಚಿಹ್ನೆಗಳು ಬಂದವು. ಈಗ ಬಳಕೆಯಲ್ಲಿರುವ ಚಿಹ್ನೆಗಳ ಶ್ರೇಯಸ್ಸು 8ನೇ ಶತಮಾನದ ಬಸ್ರಾದ ವಿದ್ವಾಂಸ ಖಲೀಲ್ ಇಬ್ನ್ ಅಹ್ಮದನಿಗೆ ಸಲ್ಲುತ್ತದೆ. ಅರಬ್ಬಿಯ ಮೊದಲ ನಿಘಂಟೂ ಅವನ ಹೆಸರಿನದೇ.

ನಮ್ಮ ಕಡೆಯ ಮಕ್ತಬ್‌ಗಳಲ್ಲಿ ಮಕ್ಕಳು ಕಾಯಿದಾ (ಮೊದಲ ಪಾಠಪುಸ್ತಕ) ಹಿಡಿದು ಜೇರ್, ಜಬರ್, ಪೇಶ್ ಎಂಬ ಸ್ವರಚಿಹ್ನೆ ಕೂಡಿಸಿ ಓದಲು ಕಲಿಯುತ್ತಾರೆ. ನಾಲಿಗೆ ಚೆನ್ನಾಗಿ ಪಳಗುತ್ತದೆ, ಅರ್ಥ ಮಾತ್ರ ಮುಂದಕ್ಕೆ ಹೋಗುತ್ತದೆ. ಹಲವರಿಗೆ ಆ ಮುಂದಿನ ದಿನ ಬರುವುದೇ ಇಲ್ಲ.

ಆ ದಿನ ಕಂಡವರು ಮದರಸಾ ಸೇರುತ್ತಾರೆ. 18ನೇ ಶತಮಾನದಲ್ಲಿ ಲಖನೌದ ಮುಲ್ಲಾ ನಿಜಾಮುದ್ದೀನ್ ರೂಪಿಸಿದ ದರ್ಸೆ ನಿಜಾಮಿ ಕ್ರಮದಲ್ಲಿ ಮೊದಲು ಸರ್ಫ್ (ಪದರೂಪ), ಆಮೇಲೆ ನಹ್ವ್ (ವಾಕ್ಯರಚನೆ). ಇದರ ಜೀವಾಳ ಮುತಾಲಆ. ನಾಳೆಯ ಪಾಠವನ್ನು ವಿದ್ಯಾರ್ಥಿ ಇಂದೇ ತಾನಾಗಿ ಬಿಡಿಸಿ ನೋಡಬೇಕು: ಕ್ರಿಯಾಪದ ಯಾವುದು, ಕರ್ತೃ ಎಲ್ಲಿದೆ, ಸರ್ವನಾಮ ಯಾರನ್ನು ಸೂಚಿಸುತ್ತದೆ? ಮರುದಿನ ಸ್ವರಚಿಹ್ನೆಯಿಲ್ಲದ ಸಾಲನ್ನು ಗುರುಗಳ ಮುಂದೆ ಗಟ್ಟಿಯಾಗಿ ಓದಬೇಕು. ಒಂದು ಸ್ವರ ತಪ್ಪಿದರೂ ಎಲ್ಲಿ ಅರ್ಥವಾಗಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. ಓದನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುವ ಇನ್ನೊಂದು ಕ್ರಮವನ್ನು ನಾನು ಕಾಣೆ. ದಕ್ಷಿಣ ಕನ್ನಡ, ಕಾಸರಗೋಡಿನ ಮಸೀದಿ ದರ್ಸ್‌ಗಳಲ್ಲೂ ಗುರುಗಳೆದುರು ಗ್ರಂಥ ಹಿಡಿದು ಓದುವ ಪದ್ಧತಿಯಿದೆ; ಅಲ್ಲಿ 16ನೇ ಶತಮಾನದ ಜೈನುದ್ದೀನ್ ಮಖ್ದೂಮರ 'ಫತ್‌ಹುಲ್ ಮುಈನ್' ಎಂಬ ಧರ್ಮಶಾಸ್ತ್ರ ಗ್ರಂಥಕ್ಕೆ ದೊಡ್ಡ ಸ್ಥಾನ.

ವ್ಯಾಕರಣವೇ ಗುರಿಯಾಗಿಬಿಡುವುದು ಈ ಕ್ರಮದ ಕೊರತೆ. ಇದಕ್ಕಿಂತ ಭಿನ್ನವಾಗಿ, 20ನೇ ಶತಮಾನದಲ್ಲಿ ಅಬುಲ್ ಹಸನ್ ಅಲಿ ನದ್ವಿ ಮಕ್ಕಳಿಗಾಗಿ 'ಕಸಸುನ್ನಬಿಯ್ಯೀನ್' (ಪ್ರವಾದಿಗಳ ಕಥೆಗಳು) ಬರೆದರು. ಸಣ್ಣ ವಾಕ್ಯ, ಗೊತ್ತಿರುವ ಕಥೆ, ಅದೇ ಪದ ಮತ್ತೆ ಮತ್ತೆ. ಕಥೆ ಮುಂದೆ ಸಾಗಿದಂತೆ ಅರ್ಥ ಊಹೆಗೆ ಸಿಗುತ್ತದೆ. ತಮಿಳುನಾಡಿನ ವಾಣಿಯಂಬಾಡಿಯಿಂದ ಮದೀನಾಕ್ಕೆ ಹೋದ ವಿ. ಅಬ್ದುರ್ರಹೀಮ್ ಅವರ ಪಾಠಮಾಲೆ ಅರಬ್ಬಿಯನ್ನು ಅರಬ್ಬಿಯಲ್ಲೇ ಕಲಿಸಿ ಜಗತ್ತಿನೆಲ್ಲೆಡೆ ಹಬ್ಬಿತು.

ಕನ್ನಡಿಗರಿಗೆ ಒಂದು ಅನುಕೂಲವೂ ಇದೆ: ಹುಕುಂ, ವಕೀಲ, ದಾಖಲೆ, ತಾಲ್ಲೂಕು ಎಲ್ಲವೂ ಅರಬ್ಬಿ ಮೂಲದವು. ದಾಖಲೆಯ ದ-ಖ-ಲ ಹಿಡಿದರೆ 'ದಖಲ' (ಒಳಹೊಕ್ಕ), 'ಮದ್‌ಖಲ್' (ಪ್ರವೇಶದ್ವಾರ) ಸುಲಭವಾಗಿ ಹಿಡಿತಕ್ಕೆ ಬರುತ್ತವೆ. ಈ ಪದಗಳಿಂದ ಹೊರಟು ನದ್ವಿಯವರ ಮಾದರಿಯ ಕಥೆಗಳ ಮೂಲಕ ಮುತಾಲಆಕ್ಕೆ ಮುಟ್ಟಿಸುವ, ಕೊನೆಯ ಪಾಠಗಳಲ್ಲಿ ಆದಿಲ್‌ಶಾಹಿ ಕಾಲದ ಅರಬ್ಬಿ ಶಾಸನಗಳನ್ನೇ ಓದಿಸುವ ಕನ್ನಡ ಮಾಧ್ಯಮದ ಪಠ್ಯವೊಂದು ಬೇಕು. ವಿಜಯಪುರ, ಬಾಗಲಕೋಟೆಯ ಅರಬ್ಬಿ ಬಲ್ಲ ಅಧ್ಯಾಪಕರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.