ಶಂಕು
ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಗೂಟ. ಅದರ ನೆರಳಿನಿಂದ ದಿಕ್ಕು, ಹೊತ್ತು ಎರಡನ್ನೂ ತಿಳಿಯುತ್ತಿದ್ದರು. ಗ್ರಂಥಗಳು ಹೇಳುವ ಎತ್ತರ 12 ಅಂಗುಲ. ಯುರೋಪಿನ ಸಂಗ್ರಹಾಲಯಗಳಲ್ಲಿರುವ, ಗಂಟೆಗೆರೆ ಕೊರೆದ ಹಿತ್ತಾಳೆಯ ನೆರಳು ಗಡಿಯಾರಗಳಂಥವು ದಖ್ಖನಿನ ಆದವಾನಿ, ದೇವನಕೊಂಡದ ಕಡೆ ಕಾಣಸಿಗುವುದು ಅಪರೂಪ. ಹಾಗೆಂದು ಇಲ್ಲಿನವರು ಹೊತ್ತನ್ನು ಅಂದಾಜಿನಲ್ಲೇ ಕಳೆದರೆನ್ನುವುದು ದುಡುಕು. ಇಲ್ಲಿಯ ಉಪಕರಣದಲ್ಲಿ ಅರ್ಧ ಗೂಟ, ಅರ್ಧ ಲೆಕ್ಕ. ಮರದ ಗೂಟ ಬಹುಕಾಲ ಉಳಿಯುವಂಥದ್ದಲ್ಲ, ಲೆಕ್ಕ ಉಳಿದಿದೆ. ಸೂರ್ಯಸಿದ್ಧಾಂತವೆಂಬ ಖಗೋಳ ಗ್ರಂಥದ ತ್ರಿಪ್ರಶ್ನಾಧಿಕಾರವೆಂಬ ಅಧ್ಯಾಯ ದಿಕ್ಕು, ದೇಶ, ಕಾಲ ಮೂರನ್ನೂ ಈ ಗೂಟದಿಂದಲೇ ಬಿಡಿಸುತ್ತದೆ. ಗೂಟದ ಸುತ್ತ ವೃತ್ತ ಎಳೆದು, ನೆರಳಿನ ತುದಿ ಬೆಳಿಗ್ಗೆ ಒಳಹೊಗುವ, ಮಧ್ಯಾಹ್ನದ ಮೇಲೆ ಹೊರಬೀಳುವ ಬಿಂದುಗಳನ್ನು ಸೇರಿಸಿದರೆ ಪೂರ್ವಪಶ್ಚಿಮ ರೇಖೆ ಸಿಗುತ್ತದೆ. 1150ರ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯ ಶಂಕು, ಯಷ್ಟಿ, ಘಟಿ, ಫಲಕ ಮೊದಲಾದ ಯಂತ್ರಗಳನ್ನು ವಿವರಿಸಿ, ಎಲ್ಲಕ್ಕೂ ಮಿಗಿಲಾದದ್ದು ಧೀಯಂತ್ರ, ಅಂದರೆ ಬುದ್ಧಿ, ಎನ್ನುತ್ತಾನೆ. ಅದು ಬರಿಯ ಜಂಬವಲ್ಲ, ಈ ಪರಂಪರೆ ಕೆಲಸ ಮಾಡಿದ ರೀತಿಯೇ ಅದು.

ಗೆರೆಯಿಲ್ಲದ ಗೂಟ ಹೊತ್ತು ಹೇಳುವುದು ಹೇಗೆ, ಅದೇ ಗಳಿಗೆಯ ನೆರಳು ಋತುವಿಗೊಂದು, ಊರಿಗೊಂದು ಅಳತೆ ಇರುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಪಲಭೆ: ಹಗಲು ಇರುಳು ಸಮನಾದ ದಿನ ನಡುಹಗಲಿನಲ್ಲಿ ಶಂಕುವಿನ ನೆರಳಿನ ಉದ್ದ. ದೇವನಕೊಂಡದ ಅಕ್ಷಾಂಶ ಸುಮಾರು 15.5 ಡಿಗ್ರಿ, ಅಲ್ಲಿ ಪಲಭೆ ಸುಮಾರು 3⅓ ಅಂಗುಲ. ಈ ಒಂದು ಅಂಕಿಯ ಜೊತೆಗೆ ಆ ದಿನದ ಸೂರ್ಯನ ಕ್ರಾಂತಿ (ವಿಷುವದ್ವೃತ್ತದಿಂದ ಅದರ ಕೋನದೂರ) ಗೊತ್ತಿದ್ದರೆ, ಹಗಲಿನ ಉದ್ದವೂ, ಆ ಹೊತ್ತಿನ ನೆರಳಿನಿಂದ ಕಳೆದ ಗಳಿಗೆಗಳೂ ಲೆಕ್ಕಕ್ಕೆ ಬರುತ್ತವೆ. ಲಂಡನ್ನಿಗೆಂದು ಗೆರೆ ಕೊರೆದ ನೆರಳು ಗಡಿಯಾರ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದರ ಓರೆ ಆ ಊರಿನ 51.5 ಡಿಗ್ರಿಗೆ ಕಟ್ಟುಬಿದ್ದಿದೆ. ಜೈಪುರದ ಸಮ್ರಾಟ್ ಯಂತ್ರವೆಂಬ ನೆರಳು ಗಡಿಯಾರದ ಓರೆಯೂ ಹಾಗೆಯೇ, ಅಲ್ಲಿನ 27 ಡಿಗ್ರಿಗೆ. ನೆಟ್ಟಗೆ ನಿಂತ ಗೂಟಕ್ಕೆ ಆ ಹಂಗಿಲ್ಲ. ಮೇ ಮೊದಲ ವಾರದಲ್ಲೂ ಆಗಸ್ಟ್ ಎರಡನೆಯ ವಾರದಲ್ಲೂ ದೇವನಕೊಂಡದಲ್ಲಿ ನಡುಹಗಲ ನೆರಳು ಬುಡದಲ್ಲೇ ಅಡಗುತ್ತದೆ. ನಡುವಿನ ಮೂರು ತಿಂಗಳು ಅದು ದಕ್ಷಿಣಕ್ಕೆ ಬೀಳುತ್ತದೆ.

ಮೋಡ, ಇರುಳು ಶಂಕುವಿನ ನಿಜವಾದ ಸೋಲು. ಆಗ ನೆರವಾದದ್ದು, ತಳದಲ್ಲಿ ತೂತಿದ್ದು 24 ನಿಮಿಷಕ್ಕೆ ನೀರಲ್ಲಿ ಮುಳುಗುವ ಗಳಿಗೆ ಬಟ್ಟಲು. ಆದರೆ ಗೋಡೆ ಗಡಿಯಾರಕ್ಕೆ ಹೊಂದದ ಕಾರಣ ನೆರಳು ತಪ್ಪು ಎಂಬ ದೂರು ನಿಲ್ಲುವುದಿಲ್ಲ. 1906ರಿಂದ ಬಳಕೆಗೆ ಬಂದ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ದೇವನಕೊಂಡ ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ, ಎಂದರೆ 20 ನಿಮಿಷ ಹಿಂದೆ. ಭೂಮಿಯ ಕಕ್ಷೆಯ ಅಂಡಾಕಾರವೂ ಅಕ್ಷದ ಓರೆಯೂ ಸೇರಿ ಅಲ್ಲಿನ ನಿಜವಾದ ನಡುಹಗಲು ಫೆಬ್ರವರಿ ಮಧ್ಯದಲ್ಲಿ ಸುಮಾರು 12.34ಕ್ಕೆ, ನವೆಂಬರ್ ಆರಂಭದಲ್ಲಿ 12.03ಕ್ಕೆ ಆಗುತ್ತದೆ.